ಗ್ರಿಮ್ ಡಾನ್: ಕೈಗಿಂತ ಲೆಕ್ಕಕ್ಕೆ ಜಾಸ್ತಿ ಕೆಲಸ ಕೊಡುವ ಆಟ

ಗ್ರಿಮ್ ಡಾನ್ ಅಂದರೆ ಶತ್ರುಗಳನ್ನು ಹೊಡೆಯುತ್ತಾ ನಮ್ಮ ಪಾತ್ರವನ್ನು ಬೆಳೆಸಿಕೊಂಡು ಹೋಗುವ ಕಂಪ್ಯೂಟರ್ ಆಟ. ಅದನ್ನು ಆಡಲು ನನಗಿದ್ದ ಕಾರಣ ಬಹಳ ಸರಳ. ಹಳೇ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ ಓಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಅಂತ ಅಲ್ಲಿ ಇದ್ದವರಿಗೆ ಹೇಳಬೇಕಿಲ್ಲ. ಒಬ್ಬರೇ ಆಡುವಾಗಲೂ ಸರ್ವರ್ ಬೇಕು ಅನ್ನುವ ಆಟಗಳು ಆ ನಾಲ್ಕು ತಿಂಗಳು ಡಿಸ್ಕ್‌ನಲ್ಲಿ ಸುಮ್ನೆ ಜಾಗ ಹಿಡಿದು ಕೂತಿರುತ್ತವೆ. ಇದು ಹಾಗಲ್ಲ. ಒಮ್ಮೆ ಕೊಂಡು ಇಳಿಸಿಕೊಂಡರೆ ಮುಗಿಯಿತು. ಸೀಸನ್ ಪಾಸ್ ಇಲ್ಲ, ದಿನಾ ಬಂದು ಹಾಜರಿ ಹಾಕು ಅನ್ನುವ ಕಾಟ ಇಲ್ಲ.

ಮಾಡಿದವರು ಕ್ರೇಟ್ ಎಂಟರ್‌ಟೇನ್‌ಮೆಂಟ್ ಅನ್ನುವ ಚಿಕ್ಕ ಅಮೆರಿಕನ್ ತಂಡ. 2006ರಲ್ಲಿ ಬಂದ ಟೈಟನ್ ಕ್ವೆಸ್ಟ್ ನೆನಪಿದೆಯಾ? ಅದನ್ನು ಮಾಡಿದ ಐರನ್ ಲೋರ್ 2008ರಲ್ಲಿ ಬಾಗಿಲು ಹಾಕಿತು. ಅಲ್ಲಿದ್ದ ಆರ್ಥರ್ ಬ್ರೂನೋ ಹೊಸ ತಂಡ ಕಟ್ಟಿ, ಟೈಟನ್ ಕ್ವೆಸ್ಟನ್ನು ಓಡಿಸುತ್ತಿದ್ದ ಸಾಫ್ಟ್‌ವೇರ್ ಎಂಜಿನ್‌ನ ಲೈಸೆನ್ಸ್ ಪಡೆದು, 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಕೂಡಿಸಿದರು. ಆಟ ಪೂರ್ತಿಯಾಗಿ ಹೊರಬಂದದ್ದು 2016ರ ಫೆಬ್ರವರಿಯಲ್ಲಿ. ಈ ಚರಿತ್ರೆ ಯಾಕೆ ಹೇಳಿದೆ ಅಂದರೆ, ಆಟದ ಒಳ್ಳೆಯದೂ ಕೆಟ್ಟದ್ದೂ ಅಲ್ಲಿಂದಲೇ ಬಂದಿವೆ. ಎಂಜಿನ್ ಹಳೆಯದು, ತಂಡ ಚಿಕ್ಕದು, ಲೆಕ್ಕಾಚಾರ ಮಾತ್ರ ಹತ್ತು ವರ್ಷ ಅದನ್ನೇ ಯೋಚನೆ ಮಾಡಿದವರದು.

ಕಥೆ ನೇಣುಗಂಬದಿಂದ ಶುರುವಾಗುತ್ತದೆ. ಕೈರ್ನ್ ಅನ್ನುವ ಲೋಕ. ಈಥೀರಿಯಲ್‌ಗಳು ಮನುಷ್ಯರ ಮೈಮೇಲೆ ಬರುತ್ತವೆ. ಖ್ತೋನಿಯನ್‌ಗಳಿಗೆ ಬೇಕಾದದ್ದು ರಕ್ತ. ಇವೆರಡರ ಜಗಳದಲ್ಲಿ ಊರುಗಳೆಲ್ಲ ಹಾಳಾಗಿವೆ. ಮೈಮೇಲೆ ಬಂದಿದೆ ಅಂತಲೇ ನಮ್ಮನ್ನು ನೇಣಿಗೆ ಹಾಕುತ್ತಾರೆ, ಒಳಗಿದ್ದದ್ದು ಹೊರಗೆ ಹೋದದ್ದು ಕಂಡು ಕೆಳಗಿಳಿಸುತ್ತಾರೆ. ಆಮೇಲೆ ಡೆವಿಲ್ಸ್ ಕ್ರಾಸಿಂಗ್ ಅನ್ನುವ ಪುಟ್ಟ ಠಾಣೆಯಲ್ಲಿ ನಿಂತು ಅವರ ಕೆಲಸಗಳನ್ನೇ ಮಾಡಿಕೊಡಬೇಕು!

ನಾನು ಮಾಡಿದ್ದು ವಾರ್ಡರ್. ಅಂದರೆ ಸೋಲ್ಜರ್ ಮತ್ತು ಶಾಮನ್ ಎರಡನ್ನೂ ಸೇರಿಸಿದ ಪಾತ್ರ. ಸೋಲ್ಜರ್, ಶಾಮನ್ ಇಂಥ ಒಂದೊಂದು ಕಾದಾಟದ ವಿದ್ಯೆಗೂ ಮಾಸ್ಟರಿ ಅನ್ನುತ್ತಾರೆ. ಎರಡನೇ ಲೆವೆಲ್‌ನಲ್ಲಿ ಮೊದಲ ಮಾಸ್ಟರಿ, ಹತ್ತನೇ ಲೆವೆಲ್‌ನಿಂದ ಎರಡನೆಯದು ಆರಿಸಿಕೊಳ್ಳಬಹುದು. ಮೂಲ ಆಟದಲ್ಲಿ ಆರು ಮಾಸ್ಟರಿಗಳಿದ್ದವು. ಆಮೇಲೆ ಬಂದ ಆಶಸ್ ಆಫ್ ಮಾಲ್ಮತ್ ಮತ್ತು ಫರ್ಗಾಟನ್ ಗಾಡ್ಸ್ ಅನ್ನುವ ವಿಸ್ತರಣೆಗಳನ್ನು ಸೇರಿಸಿಕೊಂಡರೆ ಒಂಬತ್ತು. ಎರಡೆರಡು ಜೋಡಿಸಿದರೆ 36 ಜೋಡಿ. ಜೋಡಿಗಳ ಸಂಖ್ಯೆ ನೋಡಿ ಮರುಳಾಗಬೇಡಿ, ಮಜಾ ಇರುವುದು ಜೋಡಣೆಯಲ್ಲಿ. ಶಾಮನ್‌ನ ಪ್ರೈಮಲ್ ಸ್ಟ್ರೈಕ್‌ಗೆ ಎರಡು ಕೈಯಲ್ಲಿ ಹಿಡಿಯುವ ಆಯುಧವೇ ಬೇಕು. ಅದನ್ನು ಹಿಡಿದರೆ ಗುರಾಣಿ ಹಿಡಿಯಲು ಕೈ ಉಳಿಯುವುದಿಲ್ಲ. ಆ ಕೊರತೆ ತುಂಬಲು ಸೋಲ್ಜರ್ ಬೇಕು. ಅವನಲ್ಲಿ ಮೆನ್‌ಹಿರ್ಸ್ ವಿಲ್ ಅನ್ನುವ ಸ್ಕಿಲ್ ಇದೆ. ಹೆಲ್ತ್ ತೀರಾ ಕೆಳಗೆ ಇಳಿದಾಗ ಅದು ತಾನಾಗಿಯೇ ಎದ್ದು ಬಂದು ಜೀವ ತುಂಬುತ್ತದೆ. ಶಾಮನ್ ಹೊಡೆಯುತ್ತಾನೆ, ಸೋಲ್ಜರ್ ಬದುಕಿಸುತ್ತಾನೆ. ಹೊಸಬರು ಯಾರಾದರೂ ಕೇಳಿದರೆ ನಾನು ಹೇಳುವುದು ಇದೇ ಜೋಡಿ.

ಇದರ ಮೇಲೆ ಡಿವೋಷನ್ ಅನ್ನುವ ಇನ್ನೊಂದು ಪದರ ಇದೆ. ಆಕಾಶದ ನಕ್ಷತ್ರಪುಂಜಗಳ ನಕಾಶೆ. ಕಾಡುಮೇಡಿನಲ್ಲಿ ಮುರಿದುಬಿದ್ದ ಗುಡಿಗಳನ್ನು ಸರಿಮಾಡಿದರೆ ಒಂದೊಂದು ಪಾಯಿಂಟ್ ಸಿಗುತ್ತದೆ. ಆ ಪಾಯಿಂಟ್‌ನಿಂದ ನಕ್ಷತ್ರಗಳನ್ನು ಬೆಳಗಿಸಬೇಕು. ಐದು ಬಣ್ಣಗಳಿವೆ. ಒಂದು ಪುಂಜ ಮುಗಿಸಿದರೆ ಸಿಗುವ ಬಣ್ಣ ಇನ್ನೊಂದು ಪುಂಜದ ಬೀಗ ತೆಗೆಯುತ್ತದೆ. ಸಾಲ ತೀರಿಸಿ ಅಡವಿಟ್ಟ ಒಡವೆ ಬಿಡಿಸಿಕೊಂಡ ಹಾಗೆ, ದೊಡ್ಡ ಪುಂಜ ಕೈಗೆ ಬಂದ ಮೇಲೆ ಮೊದಲು ಹಾಕಿದ ಚಿಕ್ಕ ಪುಂಜದ ಪಾಯಿಂಟ್‌ಗಳನ್ನು ಕೆಲವೊಮ್ಮೆ ವಾಪಸ್ ತೆಗೆದುಕೊಳ್ಳಬಹುದು. ದೊಡ್ಡದು ತನ್ನ ಬಣ್ಣದಿಂದ ತಾನೇ ನಿಲ್ಲುವ ಹಾಗಿದ್ದರೆ ಸಾಕು. ಈ ಉಪಾಯವನ್ನು ಆಟ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಡ್ರೈಯಡ್ ಪುಂಜದ ಹೆಲ್ತ್ ತುಂಬುವ ಶಕ್ತಿಯನ್ನು ನಾನು ಮೊದಲೇ ಹಾಕಿಸಿಕೊಂಡೆ. ಅದನ್ನು ಪದೇಪದೇ ಬಳಸುವ ಹೊಡೆತಕ್ಕೇ ಕಟ್ಟಿದೆ. ಹೊಡೆಯುತ್ತಿದ್ದಷ್ಟೂ ಜೀವ ಬರುತ್ತಿತ್ತು. ಮೊದಲ ಅಂಕ ದಾಟಲು ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ.

ಮೊದಲ ಅಂಕದ ಕೊನೆಗೆ ವಾರ್ಡನ್ ಕ್ರೀಗ್ ಇದ್ದಾನೆ. ನೆಲದಡಿಯ ಪ್ರಯೋಗಶಾಲೆಯಲ್ಲಿ ಮನುಷ್ಯನ ರೂಪದಲ್ಲಿ ನಿಂತಿರುತ್ತಾನೆ. ಅವನನ್ನು ಹೊಡೆದು ಮಲಗಿಸಿದೆ ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ರೂಪ ತಾಳಿ ಏಳುತ್ತಾನೆ. ಈ ಎರಡನೇ ರೂಪಕ್ಕೆ ಬಹಳ ಜನ ಸಾಯುತ್ತಾರೆ. ಹೊಡೆತ ತಪ್ಪಿಸಿಕೊಳ್ಳಲು ಬರಲಿಲ್ಲ ಅಂತ ಸಾಯುವುದಲ್ಲ. ಅವನ ಹೊಡೆತದಲ್ಲಿ ಈಥರ್ ಅನ್ನುವ ಬಗೆಯ ಡ್ಯಾಮೇಜ್ ಇದೆ, ಆ ಹೊತ್ತಿಗೆ ನಮ್ಮ ಹತ್ತಿರ ಅದನ್ನು ತಡೆಯುವ ಈಥರ್ ರೆಸಿಸ್ಟೆನ್ಸ್ ಇರುವುದೇ ಇಲ್ಲ. ನಾನು ಒಳಗೆ ಹೋಗುವ ಮೊದಲು ಹೊರಗೇ ನಿಂತು ಪೆಟ್ಟಿಗೆಯಲ್ಲಿದ್ದ ಉಂಗುರ, ತಾಯಿತ, ಬೆಲ್ಟ್ ಎಲ್ಲ ಹರಡಿಕೊಂಡು ಈಥರ್ ಅಂತ ಬರೆದದ್ದನ್ನೆಲ್ಲ ಹಾಕಿಕೊಂಡೆ. ಹೊಡೆತದ ಬಲ ಸ್ವಲ್ಪ ಕಡಿಮೆಯಾಯಿತು. ಆದರೆ ಕ್ರೀಗ್ ಎರಡನೇ ರೂಪದಲ್ಲಿ ಎದ್ದಾಗ ಓಡಬೇಕಾಗಲಿಲ್ಲ, ಎದುರಿಗೇ ನಿಂತು ಹೊಡೆದೆ.

ಇಡೀ ಆಟದ ಗುಟ್ಟು ಇಲ್ಲಿದೆ. ಗ್ರಿಮ್ ಡಾನ್‌ನಲ್ಲಿ ಸಾಯುವುದು ರಣರಂಗದಲ್ಲಿ ಕಂಡರೂ, ಸಾವು ಬರೆದಿರುವುದು ಪಾತ್ರದ ಅಂಕಿಗಳನ್ನೆಲ್ಲ ತೋರಿಸುವ ಕ್ಯಾರೆಕ್ಟರ್ ಶೀಟ್‌ನಲ್ಲಿ.

ಲೆಕ್ಕ ನೋಡಿ. ರೆಸಿಸ್ಟೆನ್ಸ್‌ನ ಸಾಮಾನ್ಯ ಮಿತಿ 80 ಪರ್ಸೆಂಟ್. 60 ಇದ್ದರೂ ನಡೆಯುತ್ತದೆ, ಇಪ್ಪತ್ತು ತಾನೇ ಕಡಿಮೆ ಅನ್ನಿಸುತ್ತದೆ ಅಲ್ವಾ? 100ರ ಹೊಡೆತ ಬಂತು ಅಂದುಕೊಳ್ಳಿ. 80 ಇದ್ದವನಿಗೆ ತಾಗುವುದು 20. 60 ಇದ್ದವನಿಗೆ ತಾಗುವುದು 40. ಅಂದರೆ ಡಬಲ್. ಮೇಲಿನ ಹಂತಗಳಿಗೆ ಹೋದರೆ ಇನ್ನೂ ಕಷ್ಟ. ಎರಡನೇ ಹಂತವಾದ ಎಲೀಟ್‌ನಲ್ಲಿ ಆಟವೇ 25 ಕಳೆಯುತ್ತದೆ, ಮೂರನೆಯದಾದ ಅಲ್ಟಿಮೇಟ್‌ನಲ್ಲಿ 50. ಅಲ್ಲಿ 80 ಕಾಣಬೇಕಾದರೆ ಮೈಮೇಲಿನ ಸಾಮಾನುಗಳಿಂದ 130 ಕೂಡಿಸಬೇಕು. ಬೆಂಕಿ, ಚಳಿ, ಸಿಡಿಲು, ವಿಷ, ಚುಚ್ಚು, ರಕ್ತಸ್ರಾವ, ವೈಟಾಲಿಟಿ, ಈಥರ್, ಕೇಯಾಸ್, ಹೀಗೆ ಹೊಡೆತದ ಪ್ರತಿ ಬಗೆಗೂ ಬೇರೆಬೇರೆಯಾಗಿ. ಇದರ ಜೊತೆ ಶತ್ರುಗಳಲ್ಲಿ ಕೆಲವರು ನಮ್ಮ ರೆಸಿಸ್ಟೆನ್ಸನ್ನೇ ಕಿತ್ತು ಹಾಕುತ್ತಾರೆ, ಹಾಗಾಗಿ ಮಿತಿ ದಾಟಿ ಸ್ವಲ್ಪ ಜಾಸ್ತಿಯೇ ಇಟ್ಟುಕೊಂಡಿರಬೇಕು.

ಇದನ್ನು ತುಂಬಿಸಲು ನಾನು ಹಿಡಿದ ಕ್ರಮ ಹೀಗಿತ್ತು. ಮೊದಲು ಕಾಂಪೊನೆಂಟ್. ಇವು ಸಾಮಾನಿಗೆ ಅಂಟಿಸುವ ಚೂರುಗಳು, ಶತ್ರುಗಳಿಂದ ಧಾರಾಳವಾಗಿ ಬೀಳುತ್ತವೆ. ಆಮೇಲೆ ಬಣಗಳ ಅಂಗಡಿ. ರೋವರ್ಸ್, ಹೋಮ್‌ಸ್ಟೆಡ್, ಬ್ಲ್ಯಾಕ್ ಲೀಜನ್ ಇವರ ಕೆಲಸ ಮಾಡಿಕೊಟ್ಟು ವಿಶ್ವಾಸ ಗಳಿಸಿದರೆ ಆಗ್‌ಮೆಂಟ್ ಅಂತ ಮಾರುತ್ತಾರೆ. ಅದನ್ನು ಕಾಂಪೊನೆಂಟ್ ಇರುವ ಸಾಮಾನಿಗೇ ಮತ್ತೆ ಹಚ್ಚಬಹುದು. ಉಳಿದ ಗುಂಡಿಗಳನ್ನು ಮುಚ್ಚಲು ಹಸಿರು ಸಾಮಾನು.

ಹಸಿರಿನ ಬಗ್ಗೆ ಒಂದು ಮಾತು. ಈ ಆಟದಲ್ಲಿ ಹಸಿರು ಅಪರೂಪದ್ದು, ನೀಲಿ ಅದಕ್ಕಿಂತ ಮೇಲು, ನೇರಳೆ ಎಲ್ಲಕ್ಕಿಂತ ಮೇಲು. ಬಣ್ಣ ನೋಡಿದರೆ ಹಾಗೆ. ಆದರೆ ಕೆಲವು ಶತ್ರುಗಳಿಂದ ಮಾತ್ರ ಬೀಳುವ ಹಸಿರು ಸಾಮಾನುಗಳಿವೆ. ಅವುಗಳ ಹಿಂದೆಮುಂದೆ ಬೇರೆಬೇರೆ ಗುಣಗಳು ಅದೃಷ್ಟದ ಮೇಲೆ ಅಂಟಿಕೊಂಡು ಬರುತ್ತವೆ. ಒಳ್ಳೆಯ ಎರಡು ಗುಣ ಒಟ್ಟಿಗೆ ಕೂಡಿಬಂದರೆ ನೇರಳೆಯೂ ಅದರ ಮುಂದೆ ನಿಲ್ಲುವುದಿಲ್ಲ. ನನ್ನ ವಾರ್ಡರ್ ಅಲ್ಟಿಮೇಟ್ ದಾಟುವಾಗ ನೇರಳೆ ಹೆಲ್ಮೆಟ್ ಪೆಟ್ಟಿಗೆಯಲ್ಲಿ ಮಲಗಿತ್ತು, ತಲೆ ಮೇಲೆ ಇದ್ದದ್ದು ಹಸಿರು. ಅದರಲ್ಲಿ ಚುಚ್ಚು ಮತ್ತು ರಕ್ತಸ್ರಾವದ ರೆಸಿಸ್ಟೆನ್ಸ್ ಎರಡೂ ಇದ್ದವು.

ಅದು ಬೇಕಾದದ್ದು ಫೇಬಿಯಸ್‌ಗಾಗಿ. ಒಂದು ಶತ್ರು ಬಣದವರನ್ನು ಕೊಲ್ಲುತ್ತಾ ಹೋದರೆ ಅವರ ದ್ವೇಷ ಏರುತ್ತಾ ಹೋಗುತ್ತದೆ. ಅದು ತುದಿ ಮುಟ್ಟಿದ ಮೇಲೆ ನೆಮೆಸಿಸ್ ಅಂತ ಒಬ್ಬ ದೊಡ್ಡವನು ಎಲ್ಲೆಂದರಲ್ಲಿ ಕಾಣಿಸಿಕೊಳ್ಳುತ್ತಾನೆ. ಕ್ರಾನ್ಲಿಯ ಡಕಾಯಿತರ ಕಡೆಯವನು ಫೇಬಿಯಸ್. ಎರಡು ಕತ್ತಿ ಹಿಡಿದು, ನಾವು ನೋಡುವಷ್ಟರಲ್ಲಿ ಬೆನ್ನಿಗೆ ಬಂದಿರುತ್ತಾನೆ. ನಾವೇ ಮಾಡಿದ ಕೊಲೆಗಳ ಲೆಕ್ಕ ಹಿಡಿದು ಬರುವ ಶತ್ರು, ಇದು ನನಗೆ ಬಹಳ ಹಿಡಿಸಿತು. ಯಾವ ಕಟ್‌ಸೀನೂ ಇಲ್ಲದೆ ಆಟ ನಮ್ಮನ್ನು ನೆನಪಿಟ್ಟುಕೊಂಡಿದೆ ಅನ್ನಿಸುತ್ತದೆ.

ಇನ್ನು ದೂರುಗಳು. ಕಡಿಮೆಯೇನಿಲ್ಲ.

ದೊಡ್ಡ ದೂರು ಎಂದರೆ ಮೇಲೆ ಹೇಳಿದ ಲೆಕ್ಕವನ್ನೆಲ್ಲ ಆಟ ನಮ್ಮ ತಲೆಗೇ ಬಿಡುತ್ತದೆ. ಅಂಕಿಗಳು ಕಣ್ಣ ಮುಂದೆಯೇ ಇರುತ್ತವೆ, ಅದು ಒಪ್ಪಬೇಕಾದ್ದು. ಯಾವ ಅಂಕಿ ಮುಖ್ಯ ಅಂತ ಮಾತ್ರ ಹೇಳುವುದಿಲ್ಲ. ಶೀಟ್‌ನಲ್ಲಿ ಸೆಕೆಂಡಿಗೆ ಇಷ್ಟು ಡ್ಯಾಮೇಜ್ ಅಂತ ದೊಡ್ಡದಾಗಿ ಒಂದು ಸಂಖ್ಯೆ ತೋರಿಸುತ್ತದೆ. ಡಿವೋಷನ್‌ನಿಂದ ಸಿಡಿಯುವ ಶಕ್ತಿಗಳು ಅದರಲ್ಲಿ ಸೇರಿರುವುದಿಲ್ಲ. ಆ ಸಂಖ್ಯೆ ಏರಿಸುತ್ತಾ ಕೂತವನ ಬಿಲ್ಡ್, ಅಂದರೆ ಪಾತ್ರ ಕಟ್ಟಿದ ರೀತಿ, ಬೇಗ ಹಾಳಾಗುತ್ತದೆ. ಸತ್ತಾಗಲಂತೂ ಯಾವುದರಿಂದ ಸತ್ತೆ ಅಂತ ಸರಿಯಾಗಿ ಹೇಳುವುದಿಲ್ಲ. ಪರದೆ ತುಂಬಾ ನನ್ನದೇ ಸಿಡಿಲು, ಅವರ ಬೆಂಕಿ, ನೆಲದ ಮೇಲೆ ಹಸಿರು ಕೊಳ. ಇದರಲ್ಲಿ ಕೊಂದದ್ದು ಯಾವುದು? ಊಹೆ ಮಾಡಿಕೊಳ್ಳಬೇಕು. ಶೀಟಿನಲ್ಲಿ ಸಾಯಿಸುವ ಆಟ ಶೀಟಿನಲ್ಲೇ ಕಾರಣ ತೋರಿಸಬೇಕಿತ್ತು. ಹಾಗಾಗಿ ಎಲ್ಲರೂ ಗ್ರಿಮ್ ಟೂಲ್ಸ್ ಅನ್ನುವ ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಂಡು ಆಡುತ್ತಾರೆ. ಅದು ಅಭಿಮಾನಿಯೊಬ್ಬರು ಮಾಡಿದ್ದು, ತುಂಬಾ ಚೆನ್ನಾಗಿದೆ. ನೆಟ್‌ವರ್ಕ್ ಇಲ್ಲದ ದಿನ ನಾನು ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿಕೊಳ್ಳುತ್ತಿದ್ದೆ.

ಎರಡನೆಯದು, ಒಂದೇ ಕಥೆಯನ್ನು ಮೂರು ಸಲ ಆಡಿಸುವುದು. ಮಾಮೂಲಿ, ಎಲೀಟ್, ಅಲ್ಟಿಮೇಟ್. ನಕಾಶೆ ಕೈಯಲ್ಲಿ ಬಿಡಿಸಿದ್ದು, ಹಾಗಾಗಿ ಪ್ರತಿ ಸಲವೂ ಅದೇ. ಅಲ್ಲಲ್ಲಿ ದಾರಿಗೆ ಅಡ್ಡ ಬಿದ್ದ ಕಲ್ಲುಮಣ್ಣು ಬದಲಾಗುತ್ತದೆ ಅಷ್ಟೇ. ಮೊದಲ ಸಲಕ್ಕೆ ಇದೇ ದೊಡ್ಡ ಗುಣ. ಗೋಡೆಯಲ್ಲಿ ಬಿರುಕು, ಅದರ ಹಿಂದೆ ಗುಹೆ, ಗುಹೆಯಲ್ಲಿ ಯಾರೋ ಬರೆದಿಟ್ಟ ಚೀಟಿ, ಹೀಗೆ ಹುಡುಕುತ್ತಾ ಹೋಗುವ ಸುಖ ಕಂಪ್ಯೂಟರ್ ತಾನೇ ಹುಟ್ಟಿಸಿದ ನಕಾಶೆಯಲ್ಲಿ ಸಿಗುವುದಿಲ್ಲ. ಮೂರನೇ ಸಲ ಬರ್‌ವಿಚ್ ಹಳ್ಳಿಯ ಕೆಸರಿಗೆ ಇಳಿಯುವಾಗ ಮಾತ್ರ ಕೈ ತಾನಾಗಿ ಕ್ಲಿಕ್ ಮಾಡುತ್ತಿರುತ್ತದೆ, ತಲೆ ಬೇರೆಲ್ಲೋ ಇರುತ್ತದೆ. ಒಂದು ಪಾತ್ರ ಮೇಲಿನ ಹಂತ ಮುಟ್ಟಿದ ಮೇಲೆ ಮುಂದಿನ ಪಾತ್ರಗಳಿಗೆ ಹಂತ ಹಾರಿಸುವ ಮೆರಿಟ್ ಕೊಳ್ಳಬಹುದು. ಮೊದಲ ಪಾತ್ರಕ್ಕೆ ಆ ಭಾಗ್ಯ ಇಲ್ಲ.

ಆ ಚೀಟಿಗಳ ಬಗ್ಗೆ ಹೇಳಲೇಬೇಕು. ಕಥೆಯ ಜೀವ ಇರುವುದು ಅವುಗಳಲ್ಲೇ. ಬಾಗಿಲು ಹಾಕಿಕೊಂಡು ಕೂತವನ ದಿನಚರಿ, ಅರ್ಧಕ್ಕೆ ನಿಂತ ಪತ್ರ. ಓದಿದರೆ ಅನುಭವದ ಪಾಯಿಂಟ್ ಕೂಡ ಸಿಗುತ್ತದೆ. ಬಾಯಿಬಿಟ್ಟು ಮಾತಾಡುವ ಪಾತ್ರಗಳು ಇದರ ಅರ್ಧದಷ್ಟೂ ನೆನಪಿನಲ್ಲಿ ಉಳಿಯುವುದಿಲ್ಲ.

ನಡಿಗೆಯಲ್ಲಿ ಹಳೇ ಎಂಜಿನ್ ಕಾಣುತ್ತದೆ. ಪಾತ್ರ ಸ್ವಲ್ಪ ಬಿಗಿಯಾಗಿ ತಿರುಗುತ್ತದೆ. ಬಹಳ ವರ್ಷ ಪಕ್ಕಕ್ಕೆ ಹಾರಿ ತಪ್ಪಿಸಿಕೊಳ್ಳುವ ಬಟನ್ನೇ ಇರಲಿಲ್ಲ. 2023ರ ನವೆಂಬರ್‌ನಲ್ಲಿ ಬಂದ 1.2 ಅಪ್‌ಡೇಟ್‌ನಲ್ಲಿ ಅದನ್ನು ಕೊಟ್ಟರು, ಅದೂ ಉಚಿತವಾಗಿ, ಆಟ ಬಂದ ಏಳು ವರ್ಷದ ಮೇಲೆ. ಹಾರಾಟ ಬಂದ ಮೇಲೆ ಆಟ ಎಷ್ಟೋ ಹಗುರ ಅನ್ನಿಸಿತು. ಹಾಗಂತ ಹಾರಿ ಹಾರಿ ಬದುಕುತ್ತೇನೆ ಅಂದುಕೊಂಡರೆ ಆಗುವುದಿಲ್ಲ. ರೆಸಿಸ್ಟೆನ್ಸ್ ಇಲ್ಲದವನನ್ನು ಬಟನ್ ಉಳಿಸುವುದಿಲ್ಲ.

ಬಣ್ಣಗಳೆಲ್ಲ ಬೂದಿ, ಕಂದು, ಮಣ್ಣು. ಕಥೆಗೆ ಸರಿ, ಕಣ್ಣಿಗೆ ಬೇಸರ. ಫರ್ಗಾಟನ್ ಗಾಡ್ಸ್‌ನ ಮರಳುಗಾಡಿಗೆ ಹೋದಾಗ ಬಿಸಿಲು ಕಂಡೇ ಖುಷಿಯಾಯಿತು.

ಲೂಟ್, ಅಂದರೆ ಸತ್ತ ಶತ್ರುಗಳಿಂದ ಸಿಗುವ ಸಾಮಾನು, ವಿಪರೀತ ಬೀಳುತ್ತದೆ. ಫಿಲ್ಟರ್ ಇದೆ, ಮೊದಲ ದಿನವೇ ಅದನ್ನು ಹಾಕಿಕೊಳ್ಳಿ. ಬಿಳಿ ಹಳದಿ ಎರಡನ್ನೂ ಬೇಗ ಮರೆಮಾಡಬಹುದು.

ಹೊಸದಾಗಿ ಶುರು ಮಾಡುವವರಿಗೆ ಇನ್ನೊಂದು ಸಂಗತಿ. ಸ್ಕಿಲ್ ಪಾಯಿಂಟ್‌ಗಳನ್ನು ಸ್ಪಿರಿಟ್ ಗೈಡ್ ಹತ್ತಿರ ಆಟದ ದುಡ್ಡು ಕೊಟ್ಟು ವಾಪಸ್ ಪಡೆಯಬಹುದು, ಡಿವೋಷನ್ ಪಾಯಿಂಟ್‌ಗಳನ್ನೂ ವಾಪಸ್ ಪಡೆಯಬಹುದು. ಹಾಗಾಗಿ ಹೆದರದೆ ಪ್ರಯೋಗ ಮಾಡಿ. ಮಾಸ್ಟರಿ ಆರಿಸುವಾಗ ಮಾತ್ರ ಸ್ವಲ್ಪ ಯೋಚನೆ ಮಾಡಿ. ಲೆವೆಲ್ ಹತ್ತರಲ್ಲಿ ಎರಡನೆಯದನ್ನು ಆರಿಸುವ ಅವಸರ ಏನೂ ಇಲ್ಲ. ಯಾವ ತರಹದ ಆಯುಧ ಬೀಳುತ್ತಿದೆ, ಯಾವ ಹೊಡೆತ ಇಷ್ಟವಾಗುತ್ತಿದೆ ನೋಡಿಕೊಂಡು ಆಮೇಲೆ ಒತ್ತಿ.

ವಾರ್ಡರ್ ಮುಗಿದ ಮೇಲೆ ಬೆರಳು ನೋವು ಶುರುವಾಗಿತ್ತು, ಎದುರಿಗೆ ನಿಂತು ಹೊಡೆಯುವ ಪಾತ್ರದಲ್ಲಿ ಕ್ಲಿಕ್ ಜಾಸ್ತಿ. ಈಗ ಒಕಲ್ಟಿಸ್ಟ್ ಮತ್ತು ನೆಕ್ರೊಮ್ಯಾನ್ಸರ್ ಸೇರಿಸಿ ಕಬಾಲಿಸ್ಟ್ ಕಟ್ಟುತ್ತಿದ್ದೇನೆ. ಅಸ್ಥಿಪಂಜರಗಳು, ನರಕದ ನಾಯಿ, ಕಾಗೆ, ಎಲ್ಲ ನನ್ನ ಪರವಾಗಿ ಹೊಡೆದಾಡುತ್ತವೆ. ನಾನು ಹಿಂದೆ ನಿಂತು ಚಹಾ ಕುಡಿಯುತ್ತಾ ಆಡಬಹುದು. ಆದರೆ ನಾನು ಹಾಕಿಕೊಂಡ ರೆಸಿಸ್ಟೆನ್ಸ್ ಆ ಪ್ರಾಣಿಗಳಿಗೆ ತಾಗುವುದಿಲ್ಲ. ಸಾಮಾನಿನ ಕೆಳಗೆ ಪೆಟ್‌ಗಳಿಗೆ ಅಂತ ಬೇರೆ ಸಾಲು ಇರುತ್ತದೆ, ಅದನ್ನು ಹುಡುಕಿ ಕೂಡಿಸಬೇಕು. ನನಗೊಂದು ಕೋಷ್ಟಕ, ಅವಕ್ಕೊಂದು ಕೋಷ್ಟಕ. ಎಲೀಟ್ ಅರ್ಧ ಆಗಿದೆ, ಅಸ್ಥಿಪಂಜರಗಳಿಗೆ ಕೇಯಾಸ್ ರೆಸಿಸ್ಟೆನ್ಸ್ ಇನ್ನೂ ಕಡಿಮೆ ಬೀಳುತ್ತಿದೆ.