ಅಮ್ಮನೊಂದಿಗೆ ಟೋಕಿಯೊ: ಮೊದಲ ಭೇಟಿಗೆ ನಾನು ಸಿದ್ಧನಾದ ಬಗೆ

ಟೋಕಿಯೊ ಪ್ರವಾಸಕ್ಕೆಂದು ನಾನು ಮೊದಲು ಬರೆದುಕೊಂಡ ಪಟ್ಟಿಯಲ್ಲಿ 22 ಸ್ಥಳಗಳಿದ್ದವು. ಏಳು ದಿನಗಳಲ್ಲಿ ನಾವು ನೋಡಿದ್ದು 9 ಮಾತ್ರ. ನನ್ನೊಂದಿಗೆ ಬಂದವರು 68 ವರ್ಷದ ನನ್ನ ಅಮ್ಮ. ಮಂಡಿನೋವಿರುವ ಅವರು ಕೊನೆಯ ದಿನದವರೆಗೂ ಉತ್ಸಾಹದಿಂದ ತಿರುಗಾಡಿದ್ದಕ್ಕೆ ಆ 13 ಸ್ಥಳಗಳನ್ನು ಹೊರಡುವ ಮೊದಲೇ ಕೈಬಿಟ್ಟದ್ದೇ ಕಾರಣವೆಂದು ನಾನು ತಿಳಿದಿದ್ದೇನೆ.

ಕಾಲದ ಆಯ್ಕೆ ಕಷ್ಟವಾಗಲಿಲ್ಲ. ಮಾರ್ಚ್ ಕೊನೆಯ ಚೆರ್ರಿ ಹೂವಿನ ದಿನಗಳಲ್ಲಿ ಜನಸಂದಣಿ ವಿಪರೀತ, ಜೂನ್‌ನಲ್ಲಿ ಮಳೆ, ಆಗಸ್ಟ್‌ನಲ್ಲಿ ಬೆವರಿಳಿಸುವ ಧಗೆ. ಆದ್ದರಿಂದ ಹವೆ ತಂಪಾಗಿ, ಗಿಂಕ್ಗೊ ಮರಗಳ ಎಲೆಗಳು ಹಳದಿಯಾಗುವ ನವೆಂಬರ್ ಉತ್ತರಾರ್ಧವನ್ನು ಆರಿಸಿಕೊಂಡೆ.

ವೀಸಾ ಅರ್ಜಿಯೊಂದಿಗೆ ಯಾವ ದಿನ ಎಲ್ಲಿರುತ್ತೇವೆ ಎಂಬ ದಿನವಾರು ಪಟ್ಟಿಯನ್ನು ಕೊಡಬೇಕಾಗಿತ್ತು. ಅದನ್ನು ತುಂಬಲು ಕುಳಿತಾಗಲೇ ನಗರದ ರಚನೆ ನನಗೆ ಅರ್ಥವಾಗತೊಡಗಿತು. ಟೋಕಿಯೊದ ನಡುಭಾಗವನ್ನು ಯಮನೋತೆ ಎಂಬ ರೈಲುಮಾರ್ಗ ಬಳೆಯಂತೆ ಸುತ್ತುವರಿದಿದೆ. ಅದರ ಉದ್ದ 34.5 ಕಿಲೋಮೀಟರ್, ನಿಲ್ದಾಣಗಳು 30, ಒಂದು ಸುತ್ತಿಗೆ ಬೇಕಾಗುವುದು ಸುಮಾರು ಒಂದು ಗಂಟೆ. ನಾನು ಒಂದು ಹಾಳೆಯ ಮೇಲೆ ಈ ವೃತ್ತವನ್ನು ಬರೆದು, ನೋಡಬೇಕೆಂದುಕೊಂಡ ಪ್ರತಿಯೊಂದು ಸ್ಥಳವನ್ನೂ ಅದಕ್ಕೆ ಹತ್ತಿರದ ನಿಲ್ದಾಣದ ಪಕ್ಕದಲ್ಲಿ ಗುರುತಿಸಿದೆ. ಈಶಾನ್ಯದ ಉಯೆನೊ, ಅಸಕುಸಾ ಒಂದು ಗುಂಪಾದವು; ಪಶ್ಚಿಮದ ಹರಾಜುಕು, ಶಿಬುಯಾ, ಶಿಂಜುಕು ಇನ್ನೊಂದಾದವು. ಒಂದು ದಿನಕ್ಕೆ ವೃತ್ತದ ಒಂದೇ ಮಗ್ಗುಲು ಎಂದು ನಿಯಮ ಮಾಡಿಕೊಂಡೆ. ಯಾವ ಮಗ್ಗುಲಿಗೂ ಸೇರದೆ ದೂರ ಉಳಿದವುಗಳಲ್ಲಿ ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಹೊಡೆದುಹಾಕಿದೆ. ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸಾಮಾನ್ಯವಾಗಿ ಸೋಮವಾರ ರಜೆಯಿರುವುದರಿಂದ ಉಯೆನೊ ಉದ್ಯಾನದ ದಿನವನ್ನು ಮಂಗಳವಾರಕ್ಕೆ ಸರಿಸಿದೆ.

ವಸತಿಗೆ ಉಯೆನೊವನ್ನೇ ಆರಿಸಿಕೊಂಡದ್ದು ಈ ಹಾಳೆಯನ್ನು ನೋಡಿಯೇ. ನರಿತಾ ವಿಮಾನ ನಿಲ್ದಾಣ ನಗರದ ನಡುಭಾಗದಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿದ್ದರೂ ಸ್ಕೈಲೈನರ್ ರೈಲು ಎಲ್ಲೂ ಬದಲಿಸುವ ಅಗತ್ಯವಿಲ್ಲದೆ ಸುಮಾರು ಮುಕ್ಕಾಲು ಗಂಟೆಯಲ್ಲಿ ಉಯೆನೊಗೆ ತಲುಪಿಸುತ್ತದೆ. ಅಲ್ಲಿಂದ ಸೆನ್ಸೋಜಿ ದೇವಾಲಯವಿರುವ ಅಸಕುಸಾ, ಗಿಂಜಾ ಎಂಬ ಸುರಂಗ ರೈಲುಮಾರ್ಗದಲ್ಲಿ ಮೂರನೆಯ ನಿಲ್ದಾಣ. 1927ರಲ್ಲಿ ಈ ಎರಡು ನಿಲ್ದಾಣಗಳ ನಡುವೆಯೇ ಏಷ್ಯಾದ ಮೊದಲ ಸುರಂಗ ರೈಲು ಓಡಿತು ಎಂದು ಅಮ್ಮನಿಗೆ ಹೇಳಿದಾಗ, ಅವರು ನಿಲ್ದಾಣದ ಹಳೆಯ ಕಂಬಗಳನ್ನು ಮತ್ತೊಮ್ಮೆ ತಿರುಗಿ ನೋಡಿದರು. ಕೊಠಡಿಯನ್ನು ಕಾಯ್ದಿರಿಸುವಾಗ ಚಿತ್ರಗಳನ್ನು ನಂಬದೆ ಚದರ ಮೀಟರ್ ಅಳತೆಯನ್ನು ನೋಡಬೇಕು. ಅಲ್ಲಿನ ಸಾಧಾರಣ ಹೋಟೆಲುಗಳಲ್ಲಿ 12 ಚದರ ಮೀಟರಿನ ಕೊಠಡಿಗಳು ಸಾಮಾನ್ಯ. ಅಂಥ ಜಾಗದಲ್ಲಿ ಎರಡು ದೊಡ್ಡ ಸೂಟ್‌ಕೇಸ್ ತೆರೆದಿಟ್ಟರೆ ಓಡಾಡಲು ದಾರಿಯಿರುವುದಿಲ್ಲ.

ನನ್ನ ಲೆಕ್ಕ ತಪ್ಪಿದ್ದು ಶಿಂಜುಕುವಿನಲ್ಲಿ. ಟೋಕಿಯೊ ಮಹಾನಗರ ಸರ್ಕಾರದ ಕಟ್ಟಡದಲ್ಲಿ 202 ಮೀಟರ್ ಎತ್ತರದ, ಪ್ರವೇಶ ಶುಲ್ಕವಿಲ್ಲದ ವೀಕ್ಷಣಾಲಯವಿದೆ. ಅದು ನಿಲ್ದಾಣದ ಪಶ್ಚಿಮಕ್ಕಿದ್ದರೆ ನಾನು ಜನರ ಹಿಂದೆ ಹೋಗಿ ಪೂರ್ವದ್ವಾರದಿಂದ ಹೊರಬಿದ್ದಿದ್ದೆ. 200ಕ್ಕೂ ಹೆಚ್ಚು ದ್ವಾರಗಳಿರುವ ಆ ನಿಲ್ದಾಣದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಬರಲು ಅಮ್ಮ ಅರ್ಧ ಗಂಟೆ ನಡೆಯಬೇಕಾಯಿತು, ಅದರಲ್ಲಿ ಎರಡು ಕಡೆ ಮೆಟ್ಟಿಲುಗಳನ್ನು ಹತ್ತಿಳಿಯಬೇಕಾಯಿತು. ಟೋಕಿಯೊದಲ್ಲಿ ಕಾಲು ಸೋಲುವುದು ನೋಡುವ ಸ್ಥಳಗಳಲ್ಲಿ ಅಲ್ಲ, ನಿಲ್ದಾಣಗಳ ಒಳಗೆ. ಅಂದು ರಾತ್ರಿಯೇ ಕುಳಿತು ಉಳಿದ ದಿನಗಳ ಪ್ರತಿ ನಿಲ್ದಾಣದ ಮುಂದೆ ಹೊರಹೋಗುವ ದ್ವಾರದ ಸಂಖ್ಯೆಯನ್ನೂ ಲಿಫ್ಟ್ ಇರುವ ದ್ವಾರವನ್ನೂ ಬರೆದುಕೊಂಡೆ. ಗೂಗಲ್ ಮ್ಯಾಪ್‌ನಲ್ಲಿ ಗಾಲಿಕುರ್ಚಿಗೆ ಅನುಕೂಲವಾದ ದಾರಿ ಎಂಬ ಆಯ್ಕೆಯಿದೆ. ಹಿರಿಯರನ್ನು ಕರೆದೊಯ್ಯುವವರು ಅದನ್ನು ಮೊದಲ ದಿನದಿಂದಲೇ ಬಳಸಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇಡೀ ಜಪಾನಿಗೆ ಅನ್ವಯಿಸುವ ಜೆಆರ್ ಎಂಬ ರೈಲು ಪಾಸ್ ಕೊಳ್ಳಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತ್ತು. ಒಂದೇ ನಗರದಲ್ಲಿ ಉಳಿಯುವವರಿಗೆ ಅದು ದುಂದುವೆಚ್ಚ. ಹಣ ತುಂಬಿಕೊಂಡು ನಗರದ ರೈಲುಗಳಲ್ಲಿ ಬಳಸುವ ಸುಯಿಕಾ ಕಾರ್ಡೇ ನಮಗೆ ಸಾಕಾಯಿತು, ತಲೆಗೊಂದು ಇರಬೇಕು ಅಷ್ಟೆ. ಆ ಪ್ಲಾಸ್ಟಿಕ್ ಕಾರ್ಡಿಗೆ ಹಣ ತುಂಬಲು ಹೆಚ್ಚಿನ ಯಂತ್ರಗಳು ನಗದನ್ನೇ ಕೇಳುವುದರಿಂದ ಕೈಯಲ್ಲಿ ಯೆನ್ ನೋಟುಗಳಿರಲಿ.

ಸಸ್ಯಾಹಾರದ ವಿಷಯಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ. ಅಲ್ಲಿ ಮಾಂಸ ತಿನ್ನುವುದಿಲ್ಲ ಎಂದಷ್ಟೇ ಹೇಳಿದರೆ ಸಾಲದು. ನಮ್ಮಲ್ಲಿ ಸಾರಿಗೆ ಬೇಳೆಕಟ್ಟು ಹೇಗೋ ಹಾಗೆ ಅವರ ಅಡುಗೆಗೆ ದಾಶಿ ಎಂಬ ರಸವೇ ಆಧಾರ. ಅದನ್ನು ಸಾಮಾನ್ಯವಾಗಿ ಒಣಗಿಸಿದ ಮೀನಿನ ಎಸಳುಗಳಿಂದ ತೆಗೆಯುತ್ತಾರೆ. ತರಕಾರಿಯದ್ದೆಂದು ಕಾಣುವ ಮಿಸೊ ಸೂಪಿನಲ್ಲೂ ಸೋಬಾ ಶ್ಯಾವಿಗೆಯ ರಸದಲ್ಲೂ ಅದಿರುತ್ತದೆ. ಹಾಗಾಗಿ ಮಾಂಸ, ಮೀನು, ಮೀನಿನ ದಾಶಿ ಯಾವುದನ್ನೂ ತಿನ್ನುವುದಿಲ್ಲವೆಂದು ಜಪಾನಿ ಲಿಪಿಯಲ್ಲಿ ಮುದ್ರಿಸಿದ ಚೀಟಿಯನ್ನು ಒಯ್ದಿದ್ದೆ. ಅದನ್ನು ಓದಿ ಇಬ್ಬರು ಅಂಗಡಿಯವರು ತಮ್ಮಲ್ಲಿ ಏನೂ ಇಲ್ಲವೆಂದು ತಲೆಬಾಗಿಸಿ ಹೇಳಿದರು. ಆ ಪ್ರಾಮಾಣಿಕತೆಗೆ ನಾನು ಕೃತಜ್ಞ. ಹಸಿ ಹಣ್ಣು, ಸೊಪ್ಪು, ಕರಿಬೇವುಗಳನ್ನು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲವಾದ್ದರಿಂದ ಅಮ್ಮ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹುರಿದ ಅವಲಕ್ಕಿ ಕಟ್ಟಿಕೊಂಡಿದ್ದರು. ಅಲ್ಲಿನ ದಿನಸಿ ಅಂಗಡಿಗಳಲ್ಲಿ ಬಿಸಿ ಮಾಡಿಕೊಳ್ಳುವ ಬರಿಯ ಅನ್ನದ ಡಬ್ಬಿಯೂ ಸಪ್ಪೆ ಮೊಸರೂ ಸಿಗುತ್ತವೆ. ನಮ್ಮ ರಾತ್ರಿಯೂಟ ಬಹುತೇಕ ಅದೇ ಆಗಿತ್ತು. ಒಂದು ಸಂಜೆ ಭಾರತೀಯ ಕುಟುಂಬಗಳು ಹೆಚ್ಚಾಗಿ ನೆಲೆಸಿರುವ ನಿಶಿ-ಕಸಾಯಿಗೆ ಹೋಗಿ ದೋಸೆ ತಿಂದೆವು.

ಹೊಡೆದುಹಾಕದೆ ಉಳಿಸಿಕೊಂಡ ಆ ಒಂದು ದೂರದ ಸ್ಥಳ ಸುಗಿನಾಮಿಯ ರೆಂಕೋಜಿ. ಹಿಗಾಶಿ-ಕೋಯೆಂಜಿ ನಿಲ್ದಾಣದಿಂದ ನಡೆದು ಹೋಗಬಹುದಾದ ಈ ಸಣ್ಣ ಬೌದ್ಧ ದೇವಾಲಯದಲ್ಲಿ ನೇತಾಜಿಯವರದ್ದೆಂದು ಹೇಳಲಾಗುವ ಚಿತಾಭಸ್ಮವನ್ನು 1945ರಿಂದ ಕಾಪಾಡಿಕೊಂಡು ಬಂದಿದ್ದಾರೆ. 1957ರಲ್ಲಿ ನೆಹರೂ ಇಲ್ಲಿಗೆ ಬಂದಿದ್ದರು. ಅಮ್ಮನ ತಂದೆ ತಮ್ಮ ಕೋಣೆಯಲ್ಲಿ ನೇತಾಜಿಯವರ ಪಟವನ್ನು ಇಟ್ಟುಕೊಂಡಿದ್ದವರು. ಆ ದಿನಕ್ಕೆ ಬೇರೆ ಯಾವ ಸ್ಥಳವನ್ನೂ ಗೊತ್ತುಮಾಡಿರಲಿಲ್ಲವಾದ್ದರಿಂದ, ಅಂಗಳದ ಪ್ರತಿಮೆಯ ಎದುರು ಅಮ್ಮ ಎಷ್ಟು ಹೊತ್ತು ಇರಬಯಸಿದರೋ ಅಷ್ಟು ಹೊತ್ತೂ ಅಲ್ಲಿದ್ದೆವು.