ಯುದ್ಧದ ಹಳೇ ಫೋಟೋದಲ್ಲಿ ಜಪಾನಿನ ಟಾಪ್ಸಿ ವಿಮಾನ ಗುರುತಿಸೋದು ಹೇಗೆ

ಎರಡನೇ ಮಹಾಯುದ್ಧದ ವಿಮಾನಗಳ ಫೋಟೋ ಕೂಡಿಸಿಡೋರಿಗೆ ಮಿತ್ಸುಬಿಷಿ ಕಿ-57 ಒಂದು ತಲೆನೋವು. ಯಾಕಂದ್ರೆ ಇದು ಹುಟ್ಟಿದ್ದೇ ಕಿ-21 ಅನ್ನೋ ಬಾಂಬರ್‌ನಿಂದ. 1939ರಲ್ಲಿ ಜಪಾನಿನ ದೊಡ್ಡ ವಿಮಾನ ಕಂಪನಿ ದೂರ ಹೋಗೋ ಪ್ಯಾಸೆಂಜರ್ ವಿಮಾನ ಬೇಕು ಅಂತ ಕೇಳ್ತು, ಮಿತ್ಸುಬಿಷಿಯವ್ರು ಬಾಂಬರ್‌ನ ರೆಕ್ಕೆ, ಬಾಲ, ಕಾಕ್‌ಪಿಟ್ ಎಲ್ಲಾ ಉಳಿಸಿಕೊಂಡು ಮೈ ಮಾತ್ರ ಹೊಸದಾಗಿ ಮಾಡಿದ್ರು, ಸೈನ್ಯನೂ ಅದನ್ನೇ ತಗೊಂಡಿತು. ಮಿತ್ರರಾಷ್ಟ್ರದವ್ರು ಬಾಂಬರ್‌ಗೆ ಸ್ಯಾಲಿ, ಇದಕ್ಕೆ ಟಾಪ್ಸಿ ಅಂತ ಹೆಸರಿಟ್ರು.

ಮೊದಲು ರೆಕ್ಕೆ ಮೈಗೆ ಎಲ್ಲಿ ಸೇರಿದೆ ನೋಡಿ, ಬೇರೆ ಎಲ್ಲಾ ಆಮೇಲೆ. ಸ್ಯಾಲಿಯಲ್ಲಿ ರೆಕ್ಕೆ ಮೈಯ ನಡುಭಾಗಕ್ಕೆ ಸೇರುತ್ತೆ, ಯಾಕಂದ್ರೆ ಅದರ ಕೆಳಗೆ ಬಾಂಬ್ ಇಡೋಕೆ ಜಾಗ ಬೇಕು. ಜನ ಕೂರೋ ವಿಮಾನದಲ್ಲಿ ಹಾಗೇ ಬಿಟ್ರೆ ರೆಕ್ಕೆಯ ಒಳಗಿನ ದಪ್ಪ ತೊಲೆ, ಅಂದ್ರೆ ಸ್ಪಾರ್, ಕ್ಯಾಬಿನ್ ಮಧ್ಯದಲ್ಲೇ ಅಡ್ಡ ಹಾಯುತ್ತೆ, ಓಡಾಡೋಕೆ ಆಗಲ್ಲ, ಸೀಟು ಹಾಕೋಕೂ ಆಗಲ್ಲ. ಅದಕ್ಕೇ ಟಾಪ್ಸಿಯಲ್ಲಿ ರೆಕ್ಕೆನ ಹೊಟ್ಟೆಯ ಮಟ್ಟಕ್ಕೆ ಇಳಿಸಿದ್ರು, ಸ್ಪಾರ್ ನೆಲದ ಕೆಳಗೆ ಹೋಯ್ತು, ಮೇಲೆ 11 ಜನ ಕೂರೋ ಜಾಗ ಆಯ್ತು. ನನ್ನ ಪ್ರಕಾರ ಇಡೀ ಡಿಸೈನ್‌ನಲ್ಲಿ ಚೆಂದದ ಕೆಲಸ ಅಂದ್ರೆ ಇದೇ. ಫೋಟೋ ಎಷ್ಟೇ ಮಸುಕಾಗಿರ್ಲಿ, ಎದುರಿನಿಂದಲೋ ಪಕ್ಕದಿಂದಲೋ ತೆಗೆದಿದ್ರೆ ಇದು ಗೊತ್ತಾಗೇ ಆಗುತ್ತೆ.

ಆಮೇಲೆ ಮೂಗು, ಬೆನ್ನು ನೋಡಿ. ಸ್ಯಾಲಿಗೆ ಗಾಜಿನ ಮೂಗು, ಬೆನ್ನ ಮೇಲೆ ಗನ್ನರ್‌ಗೆ ಉದ್ದ ಗಾಜಿನ ಗೂಡು, ಕೊನೆಯ ಮಾಡೆಲ್‌ನಲ್ಲಿ ಅದರ ಬದಲು ಗನ್ ಟರೆಟ್. ಟಾಪ್ಸಿಗೆ ಮುಚ್ಚಿದ ಮೂಗು, ನುಣ್ಣನೆ ಬೆನ್ನು, ಪಕ್ಕದಲ್ಲಿ ಸಾಲಾಗಿ ಕಿಟಕಿ.

ಸ್ಯಾಲಿ ಅಲ್ಲ ಅಂತ ಗೊತ್ತಾದ ತಕ್ಷಣ ಟಾಪ್ಸಿನೇ ಅಂತ ಬರೆದುಬಿಡಬೇಡಿ. ಬಾಲದಲ್ಲಿ ನೆಟ್ಟಗೆ ನಿಲ್ಲೋ ಹಲಗೆ, ಅಂದ್ರೆ ಫಿನ್, ಎರಡು ಇದ್ರೆ ಟಾಪ್ಸಿ ಅಲ್ವೇ ಅಲ್ಲ. ಅದು ನೌಕಾಪಡೆಯ ಬಾಂಬರ್‌ನಿಂದ ಮಾಡಿದ ಟೀನಾ ಇರಬಹುದು, ಇಲ್ಲಾ ಅಮೆರಿಕದ ಲಾಕ್‌ಹೀಡ್ ವಿಮಾನದಿಂದ ಬಂದ ಥಾಲಿಯಾ ಇರಬಹುದು. 1942ರ ಫೆಬ್ರವರಿ 14ರಂದು ಸುಮಾತ್ರಾದ ಪಾಲೆಂಬಾಂಗ್ ಏರ್‌ಫೀಲ್ಡು, ಎಣ್ಣೆ ರಿಫೈನರಿ ಹಿಡಿಯೋಕೆ ಪ್ಯಾರಾಟ್ರೂಪರ್‌ಗಳನ್ನ ಇಳಿಸಿದಾಗ ಟಾಪ್ಸಿ, ಥಾಲಿಯಾ ಎರಡೂ ಜೊತೆಗೇ ಹೋಗಿದ್ವು, ಹಾಗಾಗಿ ಆ ದಾಳಿಯ ಫೋಟೋ ಆದ್ರೆ ಬಾಲ ನೋಡದೆ ಮುಂದೆ ಹೋಗಬೇಡಿ. ಒಂದೇ ಫಿನ್ ಇದ್ದು ವಿಮಾನ ದೊಡ್ಡದಾಗಿದ್ರೆ ಅಮೆರಿಕದ ಸಾಗಣೆ ವಿಮಾನ ಡಕೋಟಾದ ಜಪಾನಿ ಕಾಪಿ ಟ್ಯಾಬಿ ಅನ್ನೋ ಡೌಟು ಬರುತ್ತೆ. ಡಕೋಟಾ ರೆಕ್ಕೆಯ ಮುಂದಿನ ಅಂಚು ಹಿಂದಕ್ಕೆ ಚೆನ್ನಾಗಿ ಓರೆಯಾಗಿರುತ್ತೆ, ರೆಕ್ಕೆ ತುದಿಯಿಂದ ತುದಿಗೆ ಸುಮಾರು 29 ಮೀಟರ್. ಟಾಪ್ಸಿಯದ್ದು 22.6 ಮೀಟರ್, ಮೈಯೂ ತೆಳು. ಪಕ್ಕದಲ್ಲಿ ಮನುಷ್ಯರು ನಿಂತಿದ್ರೆ ಹೋಲಿಸಿ ಅಂದಾಜು ಮಾಡಬಹುದು.

ಹಳೇ ಕ್ಯಾಪ್ಷನ್ ಕೈಕೊಡೋದು ನಂಬರ್ ವಿಷಯದಲ್ಲಿ. ಜಪಾನಿನವ್ರು ತಮ್ಮ ಸಾಮ್ರಾಜ್ಯದ ವರ್ಷದ ಲೆಕ್ಕದಲ್ಲಿ ಟೈಪ್ ನಂಬರ್ ಕೊಡ್ತಿದ್ರು, 1937 ಅವರಿಗೆ 2597, ಅದಕ್ಕೆ ಸ್ಯಾಲಿ ಟೈಪ್ 97 ಹೆವಿ ಬಾಂಬರ್. 1940 ಅಂದ್ರೆ 2600, ಟಾಪ್ಸಿ ಟೈಪ್ 100 ಟ್ರಾನ್ಸ್‌ಪೋರ್ಟ್. ಆದ್ರೆ ಟೈಪ್ 97 ಟ್ರಾನ್ಸ್‌ಪೋರ್ಟ್ ಅಂತಲೂ ಒಂದು ಇದೆ, ಅದು ನಕಾಜಿಮಾದ ಚಿಕ್ಕ ವಿಮಾನ ಥೋರಾ, ಸ್ಯಾಲಿಗೂ ಅದಕ್ಕೂ ಸಂಬಂಧನೇ ಇಲ್ಲ. ಟೈಪ್ 100 ಹೆವಿ ಬಾಂಬರ್ ಅಂದ್ರೂ ಟಾಪ್ಸಿಯ ಅಣ್ಣತಮ್ಮ ಅಲ್ಲ, ಅದೂ ನಕಾಜಿಮಾದ್ದೇ, ಕಿ-49. ನಂಬರ್ ಜೊತೆ ಕೆಲಸದ ಹೆಸರನ್ನೂ ಪೂರ್ತಿ ಓದಿ.

ಕಾಲ ಹೇಳ್ಬೇಕಂದ್ರೆ ಎಂಜಿನ್ ಸುತ್ತಲಿನ ಕೌಲಿಂಗ್ ನೋಡಿ. 1942ರಲ್ಲಿ ಬಂದ ಎರಡನೇ ಮಾಡೆಲ್‌ಗೆ 1,080 ಹಾರ್ಸ್‌ಪವರ್‌ನ ಹೊಸ ಎಂಜಿನ್ ಹಾಕಿ ಅದರ ಕವಚದ ಆಕಾರನೇ ಬದಲಾಯಿಸಿದ್ರು, ತಯಾರಾದ ಸುಮಾರು 500ರಲ್ಲಿ ಹೆಚ್ಚಿನವು ಇದೇ ಮಾಡೆಲ್. ಬಿಳಿ ಬಣ್ಣದ ಮೇಲೆ ಹಸಿರು ಶಿಲುಬೆ ಇದ್ರೆ ಅದು 1945ರ ಆಗಸ್ಟ್‌ನಲ್ಲಿ ಜಪಾನ್ ಸೋತ ಮೇಲಿನದ್ದು, ಶರಣಾದ ವಿಮಾನಗಳಿಗೆ ಹಾಗೆ ಬಳಿಸಿದ್ರು.

ನೇರ ಮೇಲಿಂದ ತೆಗೆದ ಫೋಟೋ ಆದ್ರೆ ರೆಕ್ಕೆ ಎತ್ತರ ಗೊತ್ತಾಗಲ್ಲ, ಆಗ ಮೂಗು, ಬೆನ್ನಿನ ಗಾಜು ಎರಡೇ ಗತಿ. ಅವೂ ಕಾಣದಿದ್ರೆ ಆಲ್ಬಮ್‌ನಲ್ಲಿ ‘ಕಿ-21 ಅಥವಾ ಕಿ-57’ ಅಂತಲೇ ಬರೆದಿಡಿ.