ಮೂಡ್ ಆ್ಯಪ್ ಮಾಡ್ತೀರಾ? ಮೊದಲು ನಿದ್ದೆ ಕೇಳಿ

ಬೈಪೋಲಾರ್ ಅಂದರೆ ಮನಸ್ಸು ಕುಗ್ಗುವ ಖಿನ್ನತೆ ಮತ್ತು ಮಿತಿಮೀರಿದ ಉತ್ಸಾಹದ ಉನ್ಮಾದ, ಎರಡೂ ಬಂದುಹೋಗುವ ಕಾಯಿಲೆ. ಅದಿರುವವರಿಗೆ ದಿನದಿನದ ಮನಸ್ಥಿತಿ ದಾಖಲಿಸುವ ಮೂಡ್ ಆ್ಯಪ್ ಮಾಡಲು ಕೂತವರು ಸಾಮಾನ್ಯವಾಗಿ ಮೊದಲು ಬಿಡಿಸುವುದು ಐದು ಮುಖಗಳನ್ನು. ಅಳುಮುಖದಿಂದ ನಗುಮುಖದವರೆಗೆ. ಎಡವಟ್ಟು ಆಗುವುದು ಇಲ್ಲೇ. ಉನ್ಮಾದ ಶುರುವಾಗುವಾಗ ಎಷ್ಟೋ ಜನರಿಗೆ ತಾವು ಎಂದಿಗಿಂತ ಚೆನ್ನಾಗಿದ್ದೇವೆ ಅನಿಸುತ್ತದೆ. ಅವರು ನಗುಮುಖ ಒತ್ತುತ್ತಾರೆ, ಆ್ಯಪ್ ಶಹಬ್ಬಾಸ್ ಅನ್ನುತ್ತದೆ!

1. ಅಳತೆಯ ನಡುವೆ ಸೊನ್ನೆ ಇರಲಿ, ಅದು ಮಾಮೂಲಿ ಮನಸ್ಥಿತಿ. ಡೆನ್ಮಾರ್ಕ್‌ನ ಮೊನಾರ್ಕಾ ಆ್ಯಪ್‌ನಲ್ಲಿ ತೀವ್ರ ಖಿನ್ನತೆಗೆ -3, ತೀವ್ರ ಉನ್ಮಾದಕ್ಕೆ +3 ಇತ್ತು. ಹಸಿರು ಬಣ್ಣ ಸೊನ್ನೆಗೇ ಕೊಡಿ. ಚೈತನ್ಯವನ್ನು ಬೇರೆಯಾಗಿ ಕೇಳಿ. ಮನಸ್ಸು ಕುಗ್ಗಿದ್ದರೂ ಮೈಯೆಲ್ಲ ಚಡಪಡಿಸುವ ಮಿಶ್ರ ಸ್ಥಿತಿ ಒಂದೇ ಗೆರೆಯಲ್ಲಿ ಕಾಣುವುದಿಲ್ಲ.

2. ನಿದ್ದೆಗೆ ಎರಡು ಪ್ರಶ್ನೆ ಬೇಕು. 'ಎಷ್ಟು ಗಂಟೆ ನಿದ್ದೆ ಆಯ್ತು?' ಮತ್ತು 'ಎದ್ದಾಗ ಸುಸ್ತಿತ್ತಾ?' ಮೂರೇ ಗಂಟೆ ಮಲಗಿ, ಹೊರಳಾಡಿ, ಸೋತು ಎದ್ದವರ ಕಥೆ ಒಂದು. ಮೂರೇ ಗಂಟೆ ಮಲಗಿ, ನಸುಕಿಗೇ ಎದ್ದು ಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿ ಜೋಡಿಸತೊಡಗಿದವರದು ಬೇರೆಯೇ. ಎರಡನೆಯದು ಉನ್ಮಾದದ ಮುನ್ಸೂಚನೆ ಇರಬಹುದು. ಬರೀ ಗಂಟೆ ಲೆಕ್ಕ ಇಟ್ಟರೆ ಇಬ್ಬರೂ ಒಂದೇ ಥರ ಕಾಣುತ್ತಾರೆ, ಅಲ್ವಾ?

3. ಮಾತ್ರೆ ತೆಗೆದುಕೊಂಡರಾ ಅನ್ನುವುದೂ ಸೇರಿ ಎಲ್ಲ ಒಂದು ನಿಮಿಷದಲ್ಲಿ ಮುಗಿಯಬೇಕು. 'ಸತತ ಇಷ್ಟು ದಿನ ತುಂಬಿದಿರಿ' ಎಂಬ ಪದಕಗಳು ಬೇಡ. ಹಾಸಿಗೆಯಿಂದ ಏಳಲಾಗದ ದಿನ ಅದು ಕಡಿದುಹೋದರೆ ಸುಮ್ನೆ ಇನ್ನೊಂದು ಸೋಲು. ಖಾಲಿ ದಿನ ಖಾಲಿಯಾಗಿಯೇ ಉಳಿಯಲಿ. ಮರುದಿನ ನೆನಪಿಸಿಕೊಂಡು ತುಂಬಿದ್ದಕ್ಕೆ ಬೇರೆ ಗುರುತು ಹಾಕಿ.

4. ಹೆಜ್ಜೆ ಎಣಿಕೆ, ರಾತ್ರಿಯ ಸ್ಕ್ರೀನ್ ಬಳಕೆ, ಟೈಪಿಂಗ್ ವೇಗ ಇವನ್ನು ಫೋನ್ ತಾನೇ ಗಮನಿಸಬಲ್ಲದು. ಒಂದೊಂದಕ್ಕೂ ಬೇರೆ ಒಪ್ಪಿಗೆ ಕೇಳಿ. ಏನು ಬರೆದರು, ಏನು ಮಾತಾಡಿದರು ಎಂಬುದು ಆ್ಯಪ್‌ಗೆ ಬೇಡವೇ ಬೇಡ.

5. ಎಚ್ಚರಿಕೆಯ ಭಾಗಕ್ಕೇ ಜಾಸ್ತಿ ಸಮಯ ಕೊಡಿ. ಹೋಲಿಕೆ ಅವರ ಮಾಮೂಲಿ ದಿನಗಳೊಂದಿಗೇ ಆಗಬೇಕು, ಎಲ್ಲರ ಸರಾಸರಿಯೊಂದಿಗೆ ಅಲ್ಲ. ಲಘು ಉನ್ಮಾದ ಎನ್ನಲು ವೈದ್ಯರ ಮಾನದಂಡ ಕನಿಷ್ಠ 4 ದಿನ ಕೇಳುತ್ತದೆ, ಆ್ಯಪ್ ಅಲ್ಲಿವರೆಗೆ ಕಾಯಬಾರದು. ಎಷ್ಟು ರಾತ್ರಿ ನಿದ್ದೆ ಕಡಿಮೆಯಾದರೆ ಯಾರಿಗೆ ಸಂದೇಶ ಹೋಗಬೇಕು ಎಂಬುದನ್ನು ಅವರು ಆರಾಮಾಗಿದ್ದಾಗಲೇ ವೈದ್ಯರ ಜೊತೆ ಕೂತು ಬರೆದಿಡಲಿ. ಸಂದೇಶ ಹೀಗಿರಲಿ: 'ಎರಡು ರಾತ್ರಿಯಿಂದ ನಿದ್ದೆ ಕಡಿಮೆ ಆಗಿದೆ. ನೀವೇ ಬರೆದಿಟ್ಟ ಯೋಜನೆ ತೆರೆಯಲೇ?' 'ನಿಮಗೆ ಉನ್ಮಾದ ಬಂದಿದೆ' ಅಂದರೆ ಆ್ಯಪ್ ಡಿಲೀಟ್ ಆದ ಹಾಗೇ. ಮಾತ್ರೆಯ ಪ್ರಮಾಣದ ಬಗ್ಗೆ ಆ್ಯಪ್ ಬಾಯಿ ಬಿಡಬಾರದು. ಸಾಯುವ ಯೋಚನೆ ಬಂದವರಿಗೆ ಸಹಾಯವಾಣಿಯ ಬಟನ್ ಎಲ್ಲ ಪುಟದಲ್ಲೂ ಸಿಗಬೇಕು.

6. ಬಿಡುಗಡೆಗೆ ಮುಂಚೆ ಕಾಯಿಲೆ ಇರುವವರ ಕೈಗೇ ಕೊಟ್ಟು ನೋಡಿ. 2015ರಲ್ಲಿ ಪ್ರಕಟವಾದ ಮೊನಾರ್ಕಾ ಪ್ರಯೋಗದಲ್ಲಿ ದಿನನಿತ್ಯದ ದಾಖಲೆಯಿಂದ ರೋಗಲಕ್ಷಣ ಕಡಿಮೆಯಾಗಲಿಲ್ಲ. ಖಿನ್ನತೆ ಇನ್ನಷ್ಟು ದಿನ ಉಳಿಯಬಹುದೇನೋ ಎಂಬ ಸುಳಿವೂ ಸಿಕ್ಕಿತು. ದಿನಾ ತನ್ನ ದುಃಖವನ್ನೇ ಅಳೆಯುತ್ತಾ ಕೂರುವುದು ಎಲ್ಲರಿಗೂ ಒಗ್ಗುವುದಿಲ್ಲ. ಹಾಗಾಗಿ 'ಕೆಲವು ದಿನ ಕೇಳಬೇಡ' ಎಂಬ ಆಯ್ಕೆಯನ್ನು ಸೆಟ್ಟಿಂಗ್ಸ್‌ನ ಮೂಲೆಗೆ ತಳ್ಳದೆ ಮೊದಲ ಪುಟದಲ್ಲೇ ಇಡಿ.